ಅಚ್ಚು, ಕಟ್ಟು

ಬೈಕುಲಾ ಸೇತುವೆಯ ಕೆಳಗೆ
ಹಳೆ ಬೀರುಗಳಿಗೆ ಬಣ್ಣ ಹೊಡೆಯುವವನಿಗೂ ಐಸು ಕಾರ್ಖಾನೆಗೂ ನಡುವೆ
ನನ್ನ ಪ್ರೆಸ್ಸು.
ಉಕ್ಕಿನ ಉರುಳೆ ಎರಡು, ಹಡಗಿನ ಚುಕ್ಕಾಣಿಯಂಥ ಚಕ್ರ ಒಂದು,
ಅದನ್ನು ತಿರುಗಿಸಲು ಶೇಟ್ಯೆ ಮಾಮಾ,
ಅರವತ್ತೊಂಬತ್ತರ ತೋಳು.

ಸತುವಿನ ತಗಡನ್ನು ಆಸಿಡ್ಡಿಗೆ ಇಳಿಸಿ
ಮೂರು ಅಂತಸ್ತು ಕೊರೆದಿದ್ದೇನೆ:
ಹನ್ನೆರಡು ನಿಮಿಷದ ನೆಲಮಾಳಿಗೆ, ಐದು ನಿಮಿಷದ ನಡುಮನೆ,
ಆಸಿಡ್ಡು ಮುಟ್ಟದ ನುಣ್ಣನೆ ತಾರಸಿ.
ಚಿತ್ರ ಹೆಚ್ಚೇನಲ್ಲ. ಭಾವುಚಾ ಧಕ್ಕಾ, ಇಳಿತದ ಹೊತ್ತು,
ಕೆಸರಿನಲ್ಲಿ ವಾಲಿದ ಮೂರು ದೋಣಿ.

ಆಳಕ್ಕೆ ಕಪ್ಪು ತುಂಬಿ ಜಾಳು ಬಟ್ಟೆಯಲ್ಲಿ ಒರೆಸಬೇಕು.
ಗಟ್ಟಿ ರೋಲರಿನ ತೆಳು ಹಳದಿ ತಾರಸಿಯನ್ನಷ್ಟೇ ಸವರೀತು.
ಮೆತ್ತನೆ ರೋಲರಿನ ಮಂದ ನೀಲಿ
ಮೆಟ್ಟಿಲಿಳಿದು ನಡುಮನೆ ಹೊಕ್ಕೀತು;
ಎಣ್ಣೆ ಕುಡಿದ ಹಳದಿ ತನ್ನ ಮೇಲೆ ಅದನ್ನು ಕೂರಗೊಡದು.
ಒಂದೇ ಖೋಲಿಯಲ್ಲಿ ಮೂರು ಬಿಡಾರ,
ಯಾರ ಪಾತ್ರೆ ಯಾರಿಗೂ ತಾಗದಂತೆ.
ಮುಂಬಯಿಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುಟ್ಟೆಲ್ಲ ಅಗಸೆ ಎಣ್ಣೆಯದು.
ಹಳದಿಗೆ ಒಂಬತ್ತು ಹನಿ, ನೀಲಿಗೆ ಎರಡು.
ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ತಾರೀಖು, ಸೆಖೆ, ಹನಿ.
ಅಮ್ಮನಾಗಿದ್ದರೆ ಎರಡು ಬೆರಳ ನಡುವೆ ಎಳೆದು ನೋಡಿ
"ಒಂದೆಳೆ ಬಂತು, ಸಾಕು" ಅನ್ನುತ್ತಿದ್ದಳು.
ಹದ ಅನ್ನುವುದು ಲೆಕ್ಕವೋ ಬೆರಳೋ,
ನಮ್ಮಿಬ್ಬರ ಜಗಳ ಅವಳು ಹೋದ ಮೇಲೂ ನಿಂತಿಲ್ಲ.

ಆರು ಹಾಳೆ ಅಚ್ಚುಕಟ್ಟು.
ಏಳನೆಯದಕ್ಕೆ ಹೊಸ ಹಳದಿ ಕಲೆಸುವಾಗ
ಕಲ್ಯಾಣದ ಫಾಸ್ಟ್ ಲೋಕಲ್ಲು
ನನ್ನ ಎಣಿಕೆಯ ಮೇಲೆ ಹಾದುಹೋಯಿತು. ಆರೋ? ಏಳೋ?
ಹಾಳೆ ಉರುಳೆಯಡಿ ಅರ್ಧ ಹೋಗಿದ್ದಾಗ
ಮಾಮಾ ಸೀನಿದರು. ಚಕ್ರ ಒಂದು ಉಸಿರು ನಿಂತಿತು.

ಕಂಬಳಿ ಎತ್ತಿದೆ.
ನೀಲಿ ಮೆಟ್ಟಿಲು ಹತ್ತಿ ಹಳದಿಯ ಪಕ್ಕ ಕೂತುಬಿಟ್ಟಿತ್ತು.
ನಾನು ಕಲೆಸದ ಹಸಿರೊಂದು
ದೋಣಿಗಳ ಹೊಟ್ಟೆಗೆ ಪಾಚಿಯಾಗಿ ಅಂಟಿ
ಚಕ್ರ ನಿಂತ ಗೆರೆಯವರೆಗೆ ನೀರು ಏರಿತ್ತು.
ಅಚ್ಚು ಇತ್ತು. ಕಟ್ಟು ಬಿಚ್ಚಿತ್ತು.

ಆಮೇಲೆ ನಾಚಿಕೆಗೇಡು.
ಆರು ಹನಿ ಹಾಕಿದೆ, ಏಳು ಹಾಕಿದೆ, ಆರೂವರೆ ಹಾಕಿದೆ.
ಲೋಕಲ್ಲಿಗೆ ಕಾದೆ.
ಮಾಮಾಗೆ ನಶ್ಯ ತರಿಸಿದೆ; ಪಾಪ, ಸೀನಿದರು,
ಬೇಕೆಂದು ಸೀನಿದ್ದು ಸೀನೇ ಅಲ್ಲ.
ಹನ್ನೊಂದು ಹಾಳೆ ಹಾಳು.

ಕೈ ಒರೆಸಿಕೊಳ್ಳುತ್ತ, ಯಾರಿಗೋ ಅಂದಂತೆ ಅಂದರು:
"ಲಾಲ್‌ಬಾಗಿನ ಗಿರಣಿಯಲ್ಲಿ ನಾನು ಛಪಾಯಿ ಖಾತೆ.
ಹೂವು ಒಂದು ಕಡೆ, ಅದರ ಕೆಂಪು ಇನ್ನೊಂದು ಕಡೆ
ಜರುಗಿದ ಸೀರೆಗಳನ್ನು ಗೇಟಿನಲ್ಲಿ ತೂಕಕ್ಕೆ ಕೊಡುತ್ತಿದ್ದರು.
ನಮ್ಮ ಚಾಳಿನ ಹೆಂಗಸರೆಲ್ಲ ಜರುಗಿದ ಹೂವನ್ನೇ ಉಟ್ಟರು, ವರ್ಷಗಟ್ಟಲೆ.
ಸಂಪು ಬಂತು, ಗಿರಣಿ ಮುಚ್ಚಿತು, ತಪ್ಪೂ ಬಂದ್.
ಸಾಲ ಮಾಡಿ ಪೇಟೆಯಿಂದ ಸರಿಯಾದ ಸೀರೆ ತಂದೆ.
ಇವಳು ಬಿಡಿಸಿ ನೋಡಿದಳು, ಬಹಳ ಹೊತ್ತು.
ಬಣ್ಣ ಹೂವಿನೊಳಗೇ ಕೂತಿದೆಯಲ್ಲ,
ಉಸಿರು ಕಟ್ಟುವುದಿಲ್ಲವೇ ಅದಕ್ಕೆ, ಅಂದಳು."

ಹಾಳಾದ ಹನ್ನೊಂದನ್ನು ಸುತ್ತಿ ಬಗಲಲ್ಲಿಟ್ಟುಕೊಂಡು ಹೋದರು.

ನಾನು ಪೆನ್ಸಿಲ್ಲು ಚೂಪು ಮಾಡಿ ಕೂತೆ.
ಇಪ್ಪತ್ತರಲ್ಲಿ ಒಂದು, ಇಪ್ಪತ್ತರಲ್ಲಿ ಎರಡು,
ಎಲ್ಲವೂ ಒಂದೇ ಎಂಬ ಸುಳ್ಳಿಗೆ ಇಪ್ಪತ್ತು ಸಹಿ.
ಏಳನೆಯದಕ್ಕೆ ಅಂಕೆಯಿಲ್ಲ. ಡ್ರಾಯರಿನಲ್ಲಿದೆ.

ಗಣಪತಿಗೆ ಅವರ ಖೋಲಿಗೆ ಹೋದೆ.
ಅಡುಗೆಮನೆಯ ಹಲಗೆಗೆಲ್ಲ ನನ್ನ ದೋಣಿಗಳನ್ನು ಹಾಸಿದ್ದರು,
ಅಂಚಿಗೆ ಕತ್ತರಿಯಲ್ಲಿ ಹಲ್ಲು ಹಲ್ಲು.
ಉಪ್ಪಿನಕಾಯಿ ಜಾಡಿ ಎತ್ತಿ ಕೊಟ್ಟರು ಅವರಾಕೆ.
ಅದರಡಿ, ನೀಲಿಯ ಮೇಲೆ,
ಅರಿಶಿನದ ಎಣ್ಣೆ ಇಳಿದು ಆಗಿತ್ತು ಒಂದು ಉಂಗುರ:
ಅದೇ ಹಸಿರು.

ಎಷ್ಟು ಹನಿ, ಎಂದು ಕೇಳಲು ಬಾಯಿ ತೆರೆದೆ.
"ಇನ್ನೊಂದು ಹೋಳು ಬೇಕೇ?" ಅಂದರು.